ಮೂವತ್ತೆಂಟು ಫಾರಂ

ಆರುನೂರ ಎಂಟು ಪುಟ. ಎರಡೂ ಕೈಯಲ್ಲಿ ಹಿಡಿದರೂ
ಮೂರನೇ ಪುಟಕ್ಕೇ ಮಣಿಕಟ್ಟು ಕೂಗುತ್ತಿತ್ತು.
ಡಿಸೆಂಬರಿಗೆಂದು ವರ್ಷವಿಡೀ ಎತ್ತಿಟ್ಟ ಕಾದಂಬರಿ.
ನಮ್ಮ ಮನೆಯ ರೂಢಿ ಅದು: ಹುತ್ತರಿ ಹುಣ್ಣಿಮೆ ಕಳೆದ ಮೇಲೆ
ಒಂದು ದಪ್ಪ ಪುಸ್ತಕ, ಎಲ್ಲರಿಗೂ ಒಂದೇ,
ಇಗರ್ಜಿಯಲ್ಲಿ ಹೊಸ ವರ್ಷದ ಗಂಟೆ ಬಾರಿಸುವುದರೊಳಗೆ ಮುಗಿಯಬೇಕು.

"ಈ ಸಲ ನನ್ನ ಬಿಟ್ಟು ಓದಿಕೊಳ್ಳಿ" ಅಂದೆ.
ಪಾಸ್ಕಲ್ ಮಾತಾಡಲಿಲ್ಲ.
ವಿರಾಜಪೇಟೆಯಲ್ಲಿ ಇಪ್ಪತ್ತಾರು ವರ್ಷ
ರಸೀದಿ ಬುಕ್ಕು, ತೋಟಗಳ ಲೆಕ್ಕದ ಪುಸ್ತಕ, ಹರಿದ ಜಪದ ಪುಸ್ತಕ
ಹೊಲಿದು, ಅಂಟು ಬಳಿದು, ಕಟ್ಟಿಕೊಟ್ಟವನು
ಆ ರಾತ್ರಿ ಕಾದಂಬರಿಯ ಬೆನ್ನಿಗೆ ಚಾಕು ಹಾಕಿದ.
ಒಂದೊಂದೇ ದಾರ ಕತ್ತರಿಸುವಾಗ ಅವನ ಮುಖ
ಕೋಳಿ ಕೊಯ್ಯುವಾಗಲೂ ಹಾಗಾದದ್ದು ನಾನು ಕಾಣೆ.
ಬೆಳಿಗ್ಗೆ ಮೇಜಿನ ಮೇಲೆ ಮೂವತ್ತೆಂಟು ಫಾರಂ,
ಹದಿನಾರು ಹದಿನಾರು ಪುಟ,
ಒಂದೊಂದೂ ಅಂಚೆಯ ಕಾಗದದಷ್ಟು ಹಗುರ.

ನನ್ನ ಬೆಳಗು ಶುರುವಾಗುವುದು ಒಂಬತ್ತೂವರೆಗೆ.
ಅಲ್ಲಿಯವರೆಗೆ ಬೆರಳುಗಳು ನನ್ನವಲ್ಲ,
ರಾತ್ರಿ ಯಾರೋ ಗಾರೆ ತುಂಬಿ ಹೋದ ಹಾಗೆ.
ಬಿಸಿನೀರಿನ ಬೋಗುಣಿಯಲ್ಲಿ ಅವು ನೆನೆಯುವಾಗ
ಪಕ್ಕದಲ್ಲಿ ಕೂತು ಲಿಡ್ವಿನ್ ಪುಟ ಮಗುಚುತ್ತಾನೆ;
ಹತ್ತನೇ ಕ್ಲಾಸಿನ ಗಣಿತ ತಪ್ಪಿಸಲು ಸಿಕ್ಕ ಪುಣ್ಯದ ಕೆಲಸ.
ಭಾನುವಾರ ರಾತ್ರಿ ವಾರದ ಹಳದಿ ಮಾತ್ರೆ.
ಸೋಮವಾರ ಲೆಕ್ಕಕ್ಕಿಲ್ಲ, ಅಕ್ಷರ ಕಂಡರೂ ಓಕರಿಕೆ.
ರಕ್ತ ಕೊಡುವ ಸಾಲಿನಲ್ಲಿ ಒಂಬತ್ತನೆಯದನ್ನು ಓದುತ್ತಿದ್ದೆ,
ನರ್ಸಮ್ಮ ಕೈ ಚಾಚಿದಳು: "ಎಲ್ಲಿ, ಫಾರಂ ಕೊಡಿ."
ಕೊಟ್ಟೆ.
ನಿಂತಲ್ಲೇ ಎರಡು ಪುಟ ಓದಿ, "ಇವಳು ಯಾಕೆ ಅಳ್ತಾಳೆ?" ಅಂದಳು.

ಈಗ ಮನೆಯಲ್ಲಿ ಎಲ್ಲ ಕಾಲವೂ ಒಟ್ಟಿಗೇ ನಡೆಯುತ್ತಿದೆ.
ನನ್ನ ಮಂಚದ ಮೇಲೆ ಆ ಹುಡುಗಿಗೆ ಇನ್ನೂ ಮದುವೆಯಿಲ್ಲ,
ಜಗಲಿಯಲ್ಲಿ, ಅತ್ತೆಯ ಮಡಿಲಲ್ಲಿ, ಅವಳು ವಿಧವೆ,
ಅಡುಗೆಮನೆಯಲ್ಲಿ, ರೆನಿಟಾಳ ಫಾರಮ್ಮಿನಲ್ಲಿ,
ಅವಳ ಮೊಮ್ಮಗಳು ಹಡಗು ಹತ್ತುತ್ತಿದ್ದಾಳೆ.
"ಯಾರೂ ಸತ್ತರು ಅಂತ ಹೇಳಬೇಡಿ!" ಕೂಗುತ್ತೇನೆ.
"ಯಾರು?" ಅನ್ನುತ್ತಾಳೆ ರೆನಿಟಾ, ಬಾಯಲ್ಲಿ ಕೊಬ್ಬರಿ.

ಕುಸ್ವಾರ್ ಮಾಡಿದ ದಿನ ಹಿಟ್ಟನ್ನು ಯಾರೂ ನನ್ನ ಮುಂದಿಡಲಿಲ್ಲ.
ಕಿಡಿಯೊ ಆಗಬೇಕಾದರೆ ಬಾಚಣಿಗೆಯ ಬೆನ್ನಿಗೆ ಹಿಟ್ಟನ್ನು
ಹೆಬ್ಬೆರಳಲ್ಲಿ ಒತ್ತಿ ಸುರುಳಿ ಎಳೆಯಬೇಕು.
ಕಲಿಸಿದವಳು ನಾನು. ಅವರು ಒತ್ತುವ ಸದ್ದು ಕೇಳುತ್ತ
ಹದಿನೆಂಟನೆಯದರ ಒಂದೇ ಸಾಲನ್ನು
ಏಳೆಂಟು ಸಲ ಓದಿರಬೇಕು.

ಹಬ್ಬದ ಮಾರನೇ ದಿನ ಇಪ್ಪತ್ತೆರಡನೆಯದು ಕಾಣೆ.
ಮಂಚದಡಿ, ಗೋದಲಿಯ ಹುಲ್ಲಿನಡಿ, ಎಲ್ಲೂ ಇಲ್ಲ.
ಸಂಜೆ ಪಕ್ಕದ ತೋಟದಿಂದ ಚೋಂದವ್ವ ಬಂದಳು,
ಕಾಫಿ ಕುಯ್ದ ಕೈ ಇನ್ನೂ ಕಪ್ಪಗೆ, ಅಂಟಂಟು.
ಕುಸ್ವಾರಿನ ತಟ್ಟೆಯಡಿ ಅಂಟಿ ಹೋಗಿತ್ತಂತೆ.
ಫಾರಂ ತಿರುಗಿಸಿ ಕೊಡಲಿಲ್ಲ ಮಾತ್ರ,
ಎದೆಗವಚಿಕೊಂಡೇ ಕೇಳಿದಳು:
"ಇದರ ಹಿಂದಿನದು ಎಲ್ಲುಂಟು?"

ಇವತ್ತು ಮೂವತ್ತೊಂದು. ಪಾಸ್ಕಲ್ ಸೂಜಿಗೆ ದಾರ ಪೋಣಿಸಿ,
ಮೇಣ ಸವರಿ, ಕೂತಿದ್ದಾನೆ, ಮತ್ತೆ ಕಟ್ಟಲು.
"ಬೇಡ, ಹೀಗೇ ಇರಲಿ" ಅಂದೆ.
"ಮುಂದಿನ ವರ್ಷ ಕೈ ಸರಿಯಾದರೆ?" ಅಂದ.
ಇಬ್ಬರೂ ಬೋಗುಣಿಯ ಕಡೆ ನೋಡಿದೆವು.

ಗಂಟೆ ಬಾರಿಸಿತು. ನಾನಿನ್ನೂ ಮೂವತ್ತನೆಯದರಲ್ಲಿ.
ಮನೆಯವರಿಗೆಲ್ಲ ಕೊನೆ ಗೊತ್ತು; ಚೋಂದವ್ವನಿಗೂ ಗೊತ್ತು;
ಕೇಕು ಕೊಡುವಾಗ ಒಬ್ಬೊಬ್ಬರೂ ತುಟಿ ಬಿಗಿಹಿಡಿದು ನಗುತ್ತಾರೆ.
ನಾಳೆ ಒಂಬತ್ತೂವರೆಯವರೆಗಾದರೂ
ಆ ಮುದುಕ ಬದುಕಿರುತ್ತಾನೆ, ನನ್ನ ಪಾಲಿಗೆ,
ದಿಂಬಿನ ಪಕ್ಕ, ಒದ್ದೆ ಮೂಲೆಯ ಪುಟದಲ್ಲಿ,
ಕೊಡೆ ಮರೆತು ಬಂದೆನೇ ಎಂದು ಹುಡುಕುತ್ತ.