ಹದಿನೇಳು ನಂಬರ ಸಾಲಿ

ಗಂಟಿ ಅಂದ್ರ ಗಂಟಿ ಅಲ್ಲ ಅದು, ರೈಲು ಹಳಿಯ ತುಂಡು.
ವರ್ಕ್‌ಶಾಪಿನ ಫಿಟರೊಬ್ಬ ರಿಟೈರಾದ ದಿನ
ಸೈಕಲ್ಲಿಗೆ ಕಟ್ಟಿಕೊಂಡು ತಂದು ಕೊಟ್ಟಿದ್ದನಂತ.
ಹೊಡೆದ್ರ ಈಗಲೂ ಗದಗ ರೋಡಿನ ತನಕ ಕೇಳತೈತಿ.
ಕೇಳಿದವ್ರು ಬರೂದಿಲ್ಲ, ಆ ಮಾತು ಬ್ಯಾರೆ.

ಐದು ಇಯತ್ತೆ, ಎರಡು ಖೋಲಿ,
ನಡುವ ಒಂದು ಕಬ್ಬಿಣದ ಕಪಾಟು, ಅದ ಗ್ವಾಡಿ.
ಈ ಕಡೆ ನಾನು ಮಗ್ಗಿ ಹೇಳಸ್ತೀನಿ,
ಆ ಕಡೆ ಹೊಸಮನಿ ಸರ್ ಪದ್ಯ.
ಏಳೆಂಟಲೇ ಅನ್ನೂದರಾಗ ಅತ್ತಲಿಂದ ಮೋಡ ಕವಿದು
ನವಿಲು ಕುಣದು,
ಫಕ್ಕೀರೇಶನ ಪಾಟಿ ಮ್ಯಾಲೆ: ಐವತ್ತಾರು ನವಿಲು.
ತಪ್ಪು ಅಂತ ಹೆಂಗ ಹಾಕಲಿ? ಲೆಕ್ಕ ಸರೀನ ಇತ್ತಲ್ಲ.

ಜೂನ್ ಬಂದ್ರ ರಜಿಸ್ಟರ್ ಬಗಲಾಗ ಇಟಗೊಂಡು
ಓಣಿ ಓಣಿ ತಿರುಗೂದು.
ಇಪ್ಪತ್ಮೂರು ಹೆಸರು. "ಮೂವತ್ತು ಮಾಡ್ರಿ" ಅಂತ ಸಾಹೇಬ್ರ ಫೋನು,
ಅದರ ಹಿಂದ ಹೇಳದ ಉಳಿದದ್ದು ಒಂದು ಕೀಲಿ.
ಬಣ್ಣದಂಗಡಿ ಮುಂದ ಹಳದಿ ವ್ಯಾನು ನಿಂತಿತ್ತು,
ಹನ್ನೆರಡು ಟೈ, ಹನ್ನೆರಡು ನೀರಿನ ಬಾಟಲಿ.
ಅವ್ರಾಗ ನಾಕು ಮಂದಿಯ ಅವ್ವಂದಿರನ್ನ
ಅಕ್ಷರಕ್ಕ ಕರೆದದ್ದು ಇದ ಹಳಿ ತುಂಡು.

ದಾವಲಬಿ ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ಲು.
ನಾನು ಎಲ್ಲಾ ಒಪ್ಪಿಸಿದೆ: ಹಾಲು, ತತ್ತಿ, ಬಿಸಿಊಟ,
ಎರಡು ಜೋಡಿ ಅಂಗಿ, ಪುಸ್ತಕ.
ಆಕಿ ಕೇಳಿದ್ದು ಒಂದ:
"ಅಕ್ಕೋರ, ನಿಮ್ಮ ಮಗಳು ಯಾವ ಸಾಲಿಗೆ ಹೋಗತಾಳ್ರಿ?"

ಉಳ್ಳಾಗಡ್ಡಿ ಇತ್ತು, ಪುಣ್ಯ.
ಕಣ್ಣು ಒರಸಿಕೊಳ್ಳಾಕ ಬ್ಯಾರೆ ಕಾರಣ ಹುಡುಕೂದು ತಪ್ಪಿತು.

"ಇರಲಿ ಬಿಡ್ರಿ," ಅಂದ್ಲು. "ಸಂಜಿಗೆ ನನ್ನ ಬಂಡಿ
ನಿಲ್ಲೂದು ಆ ಗೇಟಿನ ಮುಂದನ.
ಖಾರ ಕಡಿಮಿ ಹಾಕು ಅಂತಾಳ ನಿಮ್ಮ ಹುಡುಗಿ, ಶ್ಯಾಣೇಕಿ.
ನನ್ನ ಜೈತುನನ್ನ ಬರಕೊಳ್ರಿ.
ಆದ್ರ ಹುಡುಗ್ಯಾರ ಸಂಡಾಸಕ್ಕ ಒಂದು ಚಿಲಕ ಹಾಕಸ್ರಿ.
ನಾನೂ ಅಲ್ಲೇ ಕಲತಾಕಿ.
ಬಾಗಿಲಾ ಹಿಡಕೊಂಡು ನಿಲ್ಲಾಕ ಒಬ್ಬ ಗೆಳತಿ ಇದ್ಲು,
ಆಕಿ ಸಾಲಿ ಬಿಟ್ಟ ದಿನ ನಾನೂ ಬಿಟ್ಟೆ."

ದುರ್ಗದಬೈಲಿನಾಗ ಎಂಬತ್ತೈದು ರೂಪಾಯಿ, ನಾಕು ಸ್ಕ್ರೂ ಸೇರಿ.
ಅರ್ಜಿ ಬರದಿದ್ವಿ ಖರೆ, ಎರಡು ವರ್ಷ ಆತು.
ಹೊಸಮನಿ ಸರ್ ಸ್ಕ್ರೂ ತಿರುವಿದ್ರು,
ನಾನು ಬಾಗಿಲಾ ಹಿಡಕೊಂಡು ನಿಂತೆ.
ಮನ್ಯಾಗ ಮಗಳು ಇಂಗ್ಲಿಷಿನಾಗ ಕೇಳಿದ್ಲು,
ಅಂಗೈಗೆ ತುಕ್ಕು ಹೆಂಗ ಹತ್ತಿತು ಅಂತ.
ನಾನು ಕನ್ನಡದಾಗ ಸುಮ್ಮನಿದ್ದೆ.

ಮರುದಿನ ಹುಡುಗ್ಯಾರು ಪಾಳಿ ಹಚ್ಚಿದ್ರು,
ಯಾರಿಗೂ ಅವಸರ ಇರಲಿಲ್ಲ.
ಒಳಗ ಹೋಗೂದು, ಚಿಲಕ ಹಾಕೂದು, ತಗಿಯೂದು,
ನಕ್ಕೋತ ಹೊರಗ ಬರೂದು.
ಟಕ್.
ಗದಗ ರೋಡಿಗೆ ಕೇಳೂವಂಥಾ ಸಪ್ಪಳ ಅಲ್ಲ.
ರಜಿಸ್ಟರಿನಾಗ ಇಪ್ಪತ್ನಾಕು.