ಮೂರನೆಯ ಬೆಂಚು

ಹೀಟರ್ ಆರಿಸು ಎಂದರು, ಆರಿಸಿದೆ.
ಅದರ ಗುಂಯ್‌ಗಾಟ ಮೈಕಿಗೆ ಬೀಳುತ್ತದಂತೆ.
ಗಂಟೆ ಹೊಡೆಯಕೂಡದು ಎಂದರು; ಗೋಪುರ ಹತ್ತಿ
ಅದರ ನಾಲಗೆಗೆ ಹಳೇ ಕಂಬಳಿ ಸುತ್ತಿ ಕಟ್ಟಿದೆ.
ಸ್ಯಾಕ್ಸನಿಯ ಜನವರಿ. ಯಾವುದೋ ಅರಮನೆಯ ಕಪಾಟಿನಲ್ಲಿ
ಮುನ್ನೂರು ವರ್ಷ ಮಲಗಿದ್ದ ಪೂಜೆಯ ಹಾಡಂತೆ,
ನಮ್ಮ ಇಗರ್ಜಿಯಲ್ಲೇ ಚಿತ್ರೀಕರಣವಂತೆ.

ಹಾಡುವವರೆಲ್ಲ ಊರಿನವರೇ.
ಮಂದ್ರದ ಸಾಲಿನಲ್ಲಿ ಹಲ್ಲಿನ ಡಾಕ್ಟರು ಐಖ್‌ಹೋರ್ನ್,
ಪಕ್ಕದಲ್ಲಿ, ಅವರೇ ಹಲ್ಲು ಕಿತ್ತ ಬೇಕರಿಯ ಫೋಲ್ಕರ್.
ಹೆಂಗಸರು ಕೊನೆಯ ಗಳಿಗೆಯವರೆಗೂ ಶಾಲು ಹೊದ್ದು
ಕೆಂಪು ದೀಪ ಹತ್ತಿದ್ದೇ ಬೆಂಚಿನಡಿ ತುರುಕಿದರು.
ಕಹಳೆಯವನು ಕೊಳವೆ ಬಗ್ಗಿಸಿ ಎಂಜಲು ಸುರಿದ,
ನಾನು ಬೆಳಿಗ್ಗೆಯಷ್ಟೇ ಒರೆಸಿದ ನೆಲಕ್ಕೆ.

ಮೂರನೆಯ ಬೆಂಚು ರೋಸ್ವಿಟಾಳದು.
ಬರೆದುಕೊಟ್ಟವರಿಲ್ಲ, ಕೇಳಿದವರೂ ಇಲ್ಲ,
ಬರ್ಲಿನ್ನಿನ ಗೋಡೆ ಬೀಳುವುದಕ್ಕೂ ಮೊದಲಿನಿಂದ ಅವಳದು.
ಕೋಟು ಕಿತ್ತಳೆ ಬಣ್ಣದ್ದು, ಚಿತ್ರ ಕೆಡುತ್ತದೆ ಎಂದ
ಕ್ಯಾಮೆರಾದ ಹುಡುಗ, ಬಲು ವಿನಯದಿಂದ.
ಅವಳು ಎದ್ದು ಕಂಬದ ಹಿಂದೆ ಹೋಗಿ ಕೂತಳು.
ಏನೂ ಹೇಳಲಿಲ್ಲ ನಾನು. ಬೀಗದ ಕೈ ನನ್ನಲ್ಲೇ ಇತ್ತು.

'ಕರ್ತನೇ, ಕರುಣಿಸು' - ಎದ್ದಿತು ನೋಡಿ,
ಒಂದು ಕಂಠದ ಹೆಗಲೇರಿ ಇನ್ನೊಂದು ಕಂಠ,
ಅದರ ಮೇಲೆ ಮತ್ತೊಂದು, ಚಾವಣಿಯ ದೇವದೂತರ
ಬಣ್ಣ ಸುಲಿದ ಪಾದ ಮುಟ್ಟಬೇಕು, ಅಷ್ಟರಲ್ಲಿ
ಹೊರಗೆ ಯಾರದೋ ಮೋಟಾರ್ ಬೈಕು.
ಕಟ್!
ಮತ್ತೆ ಕರುಣಿಸು. ಈ ಸಲ ಯಾರೋ ಸೀನಿದರು.
ಕಟ್!
ಮೂರನೆಯ ಸಲ ಕೇಳುವಾಗ ಅವರಿಗೆ ನಿಜಕ್ಕೂ ಬೇಕಾಗಿತ್ತು.
ಮೂಗಿನ ತುದಿ ನೀಲಿಗಟ್ಟಿ,
ಬಾಯಿಂದ ಹಾಡಿಗೂ ಮೊದಲೇ ಹಬೆ ಹೊರಡುತ್ತಿತ್ತು.

ಎಲ್ಲ ಮುಗಿದ ಮೇಲೆ ಧ್ವನಿಯವನು ಕೈಯೆತ್ತಿದ:
ಒಂದು ನಿಮಿಷ ಯಾರೂ ಅಲುಗಬೇಡಿ,
ಈ ಜಾಗದ ಬರಿಯ ಮೌನ ಬೇಕು,
ತುಂಡುಗಳ ನಡುವೆ ತೇಪೆ ಹಾಕಲು.
ಮೂವತ್ತೊಂದು ವರ್ಷ ಈ ಮೌನವನ್ನು ಗುಡಿಸಿದವನು ನಾನು;
ಒಬ್ಬರಾದರೂ ಅದನ್ನು ಕೇಳಿ ಪಡೆದದ್ದಿಲ್ಲ.
ನಿಂತೆವು. ಆರ್ಗನ್ನಿನ ಮರ ಚಳಿಗೆ ಟಿಕ್ಕೆಂದಿತು.
ನಲವತ್ತನೆಯ ಸೆಕೆಂಡಿಗೋ ಏನೋ
ಕಂಬದ ಹಿಂದೆ ಊರುಗೋಲು ಬಿತ್ತು.

ಹುಡುಗ ನನ್ನತ್ತ ನೋಡಿದ. ಧ್ವನಿಯವನು
ಕಣ್ಣು ಮುಚ್ಚಿ ಹೆಡ್‌ಫೋನ್ ಒತ್ತಿಕೊಂಡೇ ನಿಂತ.
ಮತ್ತೊಮ್ಮೆ ಎನ್ನಲಿಲ್ಲ.

ಈಸ್ಟರಿಗೆ ಸಭಾಂಗಣದಲ್ಲಿ ಪರದೆ ಕಟ್ಟಿ ತೋರಿಸಿದರು.
ಇಗರ್ಜಿ ಅಷ್ಟು ಚೆಂದವೆಂದು ನನಗೇ ತಿಳಿದಿರಲಿಲ್ಲ.
ಕಿತ್ತಳೆ ಕೋಟು ಎಲ್ಲೂ ಇಲ್ಲ.
ರೋಸ್ವಿಟಾ ಕಾಫಿಗೆ ಬಿಸ್ಕತ್ತು ಅದ್ದುತ್ತ ಕೂತವಳು
ಎರಡು ಹಾಡುಗಳ ನಡುವೆ ಒಮ್ಮೆ ನನ್ನ ತೋಳು ತಿವಿದಳು:
'ಕೇಳಿಸಿತಾ? ನನ್ನದು.'
ನನ್ನ ಕಿವಿ ಈಗ ಅಷ್ಟು ಚುರುಕಿಲ್ಲ.
ಹೌದೆಂದೆ.