ಆರಿಂಚಿನ ಮೊಳೆ

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ, ರಾತ್ರಿ ಪಾಳಿ ಮುಗಿದು,
ಒದ್ದೆ ಗೋಣಿಯ ಮೇಲೆ ಕೂತು ಮೊದಲ ಮೊಳೆ ಬಗ್ಗಿಸಿದ್ದು
ಒಂದು ಪಂಥಕ್ಕೆ. ಎರಡು ಬಂಗಡೆ, ಒಂದು ಚಹಾ.
ದೋಣಿ ಕಟ್ಟುವ ಇನಾಸ್ ಅಂದ:
ನಿನ್ನದು ಕೈಯಲ್ಲ ಮಾರಾಯ್ತಿ, ಇಕ್ಕಳ.
ಆ ಮಾತಿಗೆ ಉಬ್ಬಿದೆ. ಉಬ್ಬಿದ್ದೇ ತಪ್ಪಾಯಿತು.

ವಾರಕ್ಕೆ ಆರು ದಿನ. ಆರಿಂಚಿನ ಮೊಳೆ,
ಮೇಲೆ ಹಳೆ ಕ್ಯಾನ್ವಾಸಿನ ಸುತ್ತು,
ಗಲ್ಲದ ಕೆಳಗೆ ತಂದು, ಉಸಿರು ಕಟ್ಟಿ, ಒತ್ತು.
ಮೊದಲು ಏನೂ ಆಗುವುದಿಲ್ಲ.
ಆಮೇಲೂ ಏನೂ ಆಗುವುದಿಲ್ಲ.
ಆಮೇಲೆ ಎಲ್ಲೋ ನಡುವಿನಲ್ಲಿ ಕಬ್ಬಿಣ
ಬೆಚ್ಚಗಾಗುತ್ತದೆ, ಜ್ವರ ಬಂದ ಮಗುವಿನ ಕಿವಿಯ ಹಾಗೆ.
ಅಲ್ಲಿಂದ ಅದು ನಿನ್ನದು.

ಮಳೆಗಾಲದ ಬಂದ್ ಮುಗಿದು ಟ್ರಾಲರು ಇಳಿದ ವಾರ
ಮಂಜುಗಡ್ಡೆಗೆ ಕೊಕ್ಕೆ ಹಾಕಿ ಎಳೆದಾಗ
ಬಲ ಮೊಣಕೈಯ ಒಳಬದಿಯಲ್ಲಿ ಯಾರೋ ಗಾಳ ಎಳೆದರು.
ಗಾಳಕ್ಕೆ ಸಿಕ್ಕ ಮೀನಿಗೆ ಗೊತ್ತಿರುತ್ತದೆ,
ಜಗ್ಗಿದಷ್ಟೂ ಒಳಗೆ.
ನಾನು ಮೀನು ಮಾರುವವಳ ಮಗಳು. ಆದರೂ ಜಗ್ಗಿದೆ.
ಇನ್ನೂ ಮೂರು ವಾರ, ಇನ್ನೂ ದಪ್ಪದ ಬೋಲ್ಟು.
ಕೊನೆಗೆ ಲೋಟ ಎತ್ತಲು ಎಡಗೈ ಬೇಕಾಯಿತು.
ಬಾಗಿಲ ಚಿಲಕ, ಬಾಚಣಿಗೆ, ಒದ್ದೆ ಸೀರೆ ಹಿಂಡುವುದು,
ಎಲ್ಲದಕ್ಕೂ ಇಷ್ಟೊಂದು ಕೈ ಬೇಕೆಂದು
ಯಾರಿಗೆ ಗೊತ್ತಿತ್ತು.

ಸಿವಿಲ್ ಆಸ್ಪತ್ರೆಯ ಫಿಸಿಯೋ ಲವೀನಾ, ಸಣ್ಣ ಹುಡುಗಿ.
ಬೆರಳಿಟ್ಟಳು, ಸರಿಯಾಗಿ ಅಲ್ಲೇ ಇಟ್ಟಳು.
ಎಂತ ಕೆಲಸ?
ಐಸು.
ಮತ್ತೆ?
ನಾಚಿಕೆಯಾಯಿತು. ಕುಡಿತದ ಚಟ ಒಪ್ಪಿಕೊಂಡ ಹಾಗೆ ಒಪ್ಪಿಕೊಂಡೆ:
ಮೊಳೆ ಬಗ್ಗಿಸ್ತೇನೆ.
ಅವಳು ನಗಲಿಲ್ಲ. ಯಾಕೆ ಎಂದೂ ಕೇಳಲಿಲ್ಲ.
ಎಷ್ಟು ದಪ್ಪದ್ದು, ಎಂದಳು.

ಯಾಕೆ ಎಂದು ಕೇಳಿದ್ದರೆ ಹೇಳುತ್ತಿದ್ದೆನೇನೋ:
ಇಪ್ಪತ್ತು ವರ್ಷ ನಾನು ಎತ್ತಿದ್ದೆಲ್ಲ ಕರಗಿ ಹೋಗಿದೆ.
ಇದೊಂದು, ಬಗ್ಗಿಸಿದಲ್ಲಿ ಬಗ್ಗಿಸಿದಂತೆ ಇರುತ್ತದೆ.

ಮುಚ್ಚುವುದನ್ನಷ್ಟೇ ಕಲಿತ ಕೈ ಇದು,
ಇನ್ನು ತೆರೆಯುವುದು ಕಲಿಯಲಿ, ಎಂದಳು.
ಕೊಟ್ಟದ್ದು ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡು.
ಐದು ಬೆರಳಿಗೂ ಸುತ್ತಿ ಅರಳಿಸು, ಮುದುಡು, ಅರಳಿಸು.
ಬಕೆಟ್ಟಿನಲ್ಲಿ ಕೋಡಿಬಾಗದ ಮರಳು,
ಅದರೊಳಗೆ ಕೈ ಹೂತು ಬೆರಳು ಬಿಚ್ಚು.
ಬೋಲ್ಟು ಬಗ್ಗಿಸಿದವಳನ್ನು ರಬ್ಬರ್ ಬ್ಯಾಂಡು
ಮೂವತ್ತನೆಯ ಸಲಕ್ಕೆ ಸೋಲಿಸಿತು.

ಇನಾಸ್‌ಗೆ ಒಂದು ಭುಜ ಹೋಗಿ ವರ್ಷಗಳಾದವು,
ಶರ್ಟು ಹಾಕಲು ಹೆಂಡತಿ ಬೇಕು.
ಗರಗಸಕ್ಕೆ ಎಣ್ಣೆ ಹಚ್ಚುತ್ತ ಹೇಳಿದ:
ನೋವಲ್ಲಿ ಎರಡು ಜಾತಿ ಉಂಟು.
ಒಂದು ಬಂದು, ಕೂತು, ಚಹಾ ಕುಡಿದು ಹೋಗ್ತದೆ.
ಇನ್ನೊಂದು ಹಾಸಿಗೆ ಸುತ್ತಿಕೊಂಡೇ ಬರ್ತದೆ.
ಬಾಗಿಲಲ್ಲೇ ಗುರುತು ಹಿಡಿ.

ಗುರುತು ಹಿಡಿಯಲು ನಾಲ್ಕು ತಿಂಗಳು.
ಈಗಲೂ ಒಮ್ಮೊಮ್ಮೆ ತಪ್ಪುತ್ತೇನೆ.

ನಿನ್ನೆ ಮತ್ತೆ ಆರಿಂಚಿನದು ತೆಗೆದೆ.
ಉಪ್ಪುಗಾಳಿಗೆ ಮೈಯೆಲ್ಲ ತುಕ್ಕು,
ಅದಕ್ಕೂ ರಜೆ ಆಗಿಬಂದಿಲ್ಲ.
ಸುತ್ತಿದೆ. ಗಲ್ಲದ ಕೆಳಗೆ ತಂದೆ. ಏನೂ ಆಗಲಿಲ್ಲ.
ಆಮೇಲೂ.
ಆಮೇಲೆ ಬೆಚ್ಚಗಾಯಿತು, ಬಂತು,
ಬಂಗಡೆಯ ಬೆನ್ನಿನಷ್ಟು ಡೊಂಕು.
ಅಷ್ಟರಲ್ಲಿ ಮೊಣಕೈಯ ಹೊಸ್ತಿಲಲ್ಲಿ ಯಾರೋ ಕೆಮ್ಮಿದರು.
ಚಹಾಕ್ಕೆ ಬಂದವರೋ, ಹಾಸಿಗೆ ತಂದವರೋ,
ಇಣುಕಿ ನೋಡಲಿಲ್ಲ.
ಕೆಳಗಿಟ್ಟೆ.

ಇನ್ನೊಂದು ಉಸಿರು ಸಾಕಿತ್ತು.
ಅದು ನನಗೂ ಗೊತ್ತು, ಮೊಳೆಗೂ ಗೊತ್ತು.

ಬೆಳಿಗ್ಗೆ ದಕ್ಕೆಯ ತಕ್ಕಡಿಯಲ್ಲಿಟ್ಟು ನೋಡಿದೆ, ಸುಮ್ಮನೆ:
ಒಂದು ಕಡೆ ನೆಟ್ಟಗಿನ ಮೊಳೆ, ಒಂದು ಕಡೆ ಇದು.
ಮುಳ್ಳು ನಟ್ಟನಡುವೆ ನಿಂತಿತು.
ಒಣಮೀನಿನ ಯಶೋಧಿ ಬುಟ್ಟಿ ಇಳಿಸುತ್ತ ಕೇಳಿದಳು,
ಎಷ್ಟಕ್ಕೆ ಕೊಡ್ತೀ, ಆ ಡೊಂಕಿನದು?
ಗೋಡೆಗೆ ಹೊಡೆದರೆ ಚೀಲ ನೇತು ಹಾಕಲಿಕ್ಕಾದರೂ ಆಯ್ತು.

ಕೊಡುವುದಿಲ್ಲ, ಎಂದೆ.
ಅದು ಇನ್ನೂ ಮುಗಿದಿಲ್ಲ.